ಬಾವುಟ ತಿರುಗಿತ್ತು

ಅಮೆರಿಕದ ನಾರ್ತ್ ಕ್ಯಾರೊಲಿನಾ ಕರಾವಳಿಯ ಹ್ಯಾಟರಸ್‌ನಲ್ಲಿ ಇವತ್ತು ಬೆಳಿಗ್ಗೆ 5ಕ್ಕೇ ದಡದಲ್ಲಿದ್ದೆವು. ಟ್ಯೂನಾ ಮೀನು ಹಿಡಿಯೋಕೆ ಬಾಡಿಗೆ ಬೋಟ್, ಐಸ್ ತುಂಬಿದ ಪೆಟ್ಟಿಗೆ, ಬುತ್ತಿ, ಎಲ್ಲ ರೆಡಿ.

ಕ್ಯಾಪ್ಟನ್ ಮಾತ್ರ ಬೋಟಿನ ಮೇಲಿನ ಪುಟ್ಟ ಬಾವುಟವನ್ನೇ ನೋಡುತ್ತಾ ನಿಂತಿದ್ದರು. ಅಂಚು ಹರಿದು ದಾರ ಬಿಟ್ಟ ಬಾವುಟ. ನಿನ್ನೆ ಸಂಜೆ ನೈಋತ್ಯದ ಗಾಳಿಗೆ ಮೆಲ್ಲಗೆ ಆಡುತ್ತಿತ್ತು. ಈಗ ಈಶಾನ್ಯದ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಇವತ್ತು ಬೇಡ" ಅಂದರು. ಅಷ್ಟೇ.

ಏಪ್ರಿಲ್ ಇಲ್ಲಿ ಹೀಗೇ. ಒಂದು ದಿನ ಬಿಸಿಲು, ಮರುದಿನ ಚಳಿಗಾಳಿ. ಟ್ಯೂನಾ ಸಿಗೋದು ದೂರದ ಗಲ್ಫ್ ಸ್ಟ್ರೀಮ್ ಅನ್ನೋ ಸಮುದ್ರದ ಹರಿವಿನ ಕಡೆ. ಆ ಬೆಚ್ಚನೆಯ ನೀರು ಈಶಾನ್ಯಕ್ಕೆ ಹರಿಯುತ್ತದೆ. ಗಾಳಿ ಅಲ್ಲಿಂದಲೇ ಎದುರು ಬಂದರೆ ಅಲೆಗಳು ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ದಡದಲ್ಲಿ ನಿಂತ ನಮಗೆ ಅದು ಕಾಣೋದೇ ಇಲ್ಲ.

ಬೋಟ್ ಕಟ್ಟಿಹಾಕಿದರೆ ಅವರಿಗೆ ಆ ದಿನದ ದುಡಿಮೆ ಇಲ್ಲ. ಆದರೂ ಬೇಡ ಅಂದರಲ್ಲ, ಅವರ ಮೇಲೆ ತುಂಬಾ ಗೌರವ ಬಂತು. ನಮ್ಮ ಜೊತೆ ಮಗಳೂ ಇದ್ದಳು ನೋಡಿ.

ಚಿತ್ರಾನ್ನದ ಬುತ್ತಿ ದಡದಲ್ಲೇ ಬಿಚ್ಚಿದೆವು. ಕ್ಯಾಪ್ಟನ್‌ಗೂ ಒಂದು ತಟ್ಟೆ ಕೊಟ್ಟೆ. ತಿನ್ನುವಾಗಲೂ ಅವರ ಕಣ್ಣು ಬಾವುಟದ ಮೇಲೇ ಇತ್ತು.