ಕೆಂಚನ ಪಥ್ಯ

ಹೊಸತೊಡಕಿನ ರಾತ್ರಿ, ಎರಡೂವರೆ ಇರ್ಬೇಕು. ಎಲ್ಲಾರೂ ಬಾಡೂಟ ಬಾರಿಸಿ ಮೈಮರೆತು ಮಲಗಿದ್ವಿ, ನಂಗೆ ಎಚ್ಚರ ಆಗಿದ್ದು ವಾಸನೆಗೆ. ಲೈಟ್ ಹಾಕಿದ್ರೆ ಹಾಲಿಂದ ಹಿತ್ತಲ ಬಾಗಿಲವರ್ಗೂ ಮೂರು ಕಡೆ ನೀರು ನೀರು ಭೇದಿ, ಒಂದ್ಕಡೆ ವಾಂತಿ, ನಮ್ಮ ನಾಯಿ ಕೆಂಚ ಮಾತ್ರ ಕಾಣ್ತಿಲ್ಲ. ಹುಡುಕಿದ್ರೆ ಅಡುಗೆಮನೇಲಿ ಸಿಲಿಂಡರ್ ಪಕ್ಕ ಮುಂಗಾಲು ಚಾಚಿ, ಎದೆ ನೆಲಕ್ಕೆ ಊರಿ, ಸೊಂಟ ಮಾತ್ರ ಮೇಲೆತ್ಕೊಂಡು ನಿಂತಿದಾನೆ. ಆಟಕ್ಕೆ ಕರೀವಾಗ್ಲೂ ಹಿಂಗೇ ನಿಲ್ತಾನೆ, ಆದ್ರೆ ಆಗ ಬಾಲ ಅಲ್ಲಾಡ್ತಿರುತ್ತೆ. ಈಗ ಬಾಲ ಕಾಲ್ಸಂದೀಲಿತ್ತು.

ಕೆಂಚ ಬೀದಿಯಿಂದ ಬಂದೋನು, ಕೆಂಪು ಮೈ, ನಾಲ್ಕು ವರ್ಷ, 16 ಕೆಜಿ. ಮೂರು ತಿಂಗಳ ಮರಿ ಇದ್ದಾಗ ಪಾರ್ವೋ ಅಂತ ವಾಂತಿಭೇದಿ ಮಾಡಿಸೋ ವೈರಸ್ ಕಾಯಿಲೆ ಬಂದು ಐದು ದಿನ ಡ್ರಿಪ್ ಹಾಕ್ಸಿ ಉಳಿಸ್ಕೊಂಡಿದ್ವಿ. ಆವತ್ತಿಂದ ಅವನ ಹೊಟ್ಟೆ ಅನ್ನೋದು ಸೋರೋ ಮನೆ ತರ, ಒಂದ್ಕಡೆ ಮುಚ್ಚಿದ್ರೆ ಇನ್ನೊಂದ್ಕಡೆ. ಬೀದಿ ನಾಯಿ ಕಲ್ಲು ತಿಂದ್ರೂ ಕರಗಿಸ್ಕೊಳುತ್ತೆ ಅಂತ ಎಲ್ಲಾರೂ ಹೇಳ್ತಾರೆ, ಅವರ್ಯಾರೂ ರಾತ್ರಿ ಎರಡೂವರೆಗೆ ನಮ್ಮನೆ ನೆಲ ಒರೆಸಕ್ಕೆ ಬಂದಿಲ್ಲ.

ನಮ್ಮನೆಯವ್ರು ನಿದ್ದೆಗಣ್ಣಲ್ಲೇ ಔಷಧಿ ಡಬ್ಬಿ ತಂದು ಅರ್ಧ ಪ್ಯಾರಾಸಿಟಮಾಲ್ ಮುರಿದು ಬಾಯಿಗಿಡಕ್ಕೆ ನೋಡಿದ್ರು, ಅವನು ಮುಖ ತಿರುಗಿಸ್ದ, ಪುಣ್ಯ. ನಮಗೆ ಬರೋ ನೋವಿನ ಮಾತ್ರೆ, ಜ್ವರದ ಮಾತ್ರೆ ನಾಯಿಗೆ ವಿಷ ಆಗಬಹುದು ಅಂತ ಬೆಳಿಗ್ಗೆ ಡಾಕ್ಟ್ರು ಬೈದಾಗ್ಲೇ ಗೊತ್ತಾಗಿದ್ದು.

ಡಾಕ್ಟ್ರು ಟೆಂಪರೇಚರ್ ನೋಡಿದ್ರು, 103 ದಾಟಿತ್ತು, ನಾಯಿಗಳಿಗೆ 102.5ರವರ್ಗೂ ಮಾಮೂಲಿ ಅಂತೆ. ತುಟಿ ಎತ್ತಿ ಒಸಡು ಒತ್ತಿ ಬಿಟ್ಟು ಬಣ್ಣ ಎಷ್ಟು ಬೇಗ ವಾಪಸ್ ಬರುತ್ತೆ ನೋಡಿದ್ರು, ಕತ್ತಿನ ಚರ್ಮ ಚಿವುಟಿ ಎತ್ತಿದ್ರು, ಅದು ನಿಧಾನಕ್ಕೆ ಕೂತ್ಕೊಳ್ತು, ನೀರಿನಂಶ ಕಮ್ಮಿ ಆಗಿದೆ ಅಂದ್ರು. ಹೊಟ್ಟೆ ಮುಟ್ಟಿದ ತಕ್ಷಣ ಕೆಂಚ ಕುಂಯ್ ಅಂದ. ಆಮೇಲೆ ಕೇಳಿದ್ರು ನೋಡಿ ಅಸಲಿ ಪ್ರಶ್ನೆ, ‘ಎರಡು ದಿನದಿಂದ ಏನೇನ್ ಹಾಕಿದ್ರಿ?’

ನಾನು ಮಾಮೂಲಿ ಡಾಗ್ ಫುಡ್ಡೇ ಸಾರ್ ಅಂದೆ. ನಮ್ಮನೆಯವ್ರು ಒಂದ್ ಸಣ್ಣ ಮೂಳೆ ಅಷ್ಟೇ ಅಂದ್ರು. ಅತ್ತೆ, ಅವರೂ ಆಟೋಲಿ ಜೊತೆಗೇ ಬಂದಿದ್ರು, ‘ಯುಗಾದಿ ದಿನ ಒಂದ್ ಒಬ್ಬಟ್ಟು, ಒಂದ್ ಚಮಚ ತುಪ್ಪ, ನಿನ್ನೆ ಮಕ್ಳು ಎಲೇಲಿ ಬಿಟ್ಟಿದ್ ಕೊಬ್ಬು, ಒಂಚೂರು ಸಾರಲ್ಲಿ ಕಲಸಿದ ಮುದ್ದೆ’ ಅಂತ ಒಂದೊಂದೇ ಬಿಚ್ಚಿದ್ರು. ಬಿಚ್ಚಿ ಆದ್ಮೇಲೆ ಅವರೇ, ‘ನಾಯಿ ಹೊಟ್ಟೆಗೆ ತುಪ್ಪ ದಕ್ಕಲ್ಲ ಅಂತ ಸುಮ್ಸುಮ್ನೆ ಗಾದೆ ಮಾಡವ್ರಾ ಸಾರ್’ ಅಂದ್ರು. ತುಪ್ಪ ಹಾಕಿದ ಕೈ ಅವರ್ದೇ!

ಡಾಕ್ಟ್ರು ನಗಲಿಲ್ಲ. ಜಿಡ್ಡು ಒಂದೇ ಸಲ ಜಾಸ್ತಿ ಆದ್ರೆ ಪ್ಯಾಂಕ್ರಿಯಾಸ್ ಅಂತ ಜೀರ್ಣರಸ ಮಾಡೋ ಗ್ರಂಥಿ ಊದ್ಕೊಳುತ್ತೆ, ಆ ಸೊಂಟ ಎತ್ತಿ ನಿಲ್ಲೋದು ಹೊಟ್ಟೆನೋವಿಗೆ, ಬೇಯ್ಸಿದ ಮೂಳೆ ಸಿಗುರು ಸಿಗುರಾಗಿ ಕರುಳಿಗೆ ಚುಚ್ಚುತ್ತೆ, ಸಾರಲ್ಲಿರೋ ಈರುಳ್ಳಿ ಬೆಳ್ಳುಳ್ಳಿ ನಾಯಿ ರಕ್ತದಲ್ಲಿರೋ ಕೆಂಪು ಕಣ ಒಡೆಯುತ್ತೆ, ಅದು ಇವತ್ತೇ ಗೊತ್ತಾಗಲ್ಲ, ಒಂದು ವಾರ ಒಸಡು ಬಿಳಚ್ಕೊಳ್ತಾ ನೋಡ್ತಿರಿ ಅಂದ್ರು. ಎಕ್ಸ್‌ರೇ, ಬ್ಲಡ್ ಟೆಸ್ಟ್ ಎಲ್ಲಾ ಆಯ್ತು. ಮೂಳೆ ಎಲ್ಲೂ ಸಿಕ್ಕಾಕ್ಕೊಂಡಿರಲಿಲ್ಲ, ಪ್ಯಾಂಕ್ರಿಯಾಸೇ ಸ್ವಲ್ಪ ಊದಿತ್ತು. ಡ್ರಿಪ್ಪು, ವಾಂತಿಗೆ ಇಂಜೆಕ್ಷನ್ನು, ಮೂರು ದಿನ ಬಂದು ಹೋಗಿ ಅಂದ್ರು.

ಮನೇಲಿ ಪಥ್ಯ ಶುರು ಆಯ್ತು. ವಾಂತಿ ನಿಂತಿರೋದು ಖಾತ್ರಿ ಆಗೋವರ್ಗೂ ಬರೀ ನೀರು, ಅದೂ ಬಟ್ಟಲು ತುಂಬ ಇಡಂಗಿಲ್ಲ, ಒಂದೇ ಉಸಿರಿಗೆ ಕುಡಿದು ಕಕ್ತಾನೆ ಅಂತ ಅರ್ಧ ಗಂಟೆಗೆ ಎರಡೆರಡು ಚಮಚ. (ಮರಿಗಳನ್ನ ಮಾತ್ರ ಹಿಂಗೆ ಖಾಲಿ ಹೊಟ್ಟೇಲಿ ಇಡಬಾರ್ದಂತೆ, ಶುಗರ್ ಇಳಿದುಹೋಗುತ್ತೆ.) ಆಮೇಲೆ ಗಂಜಿ ತಿಳಿ. ಮಾರನೇ ದಿನದಿಂದ ಮೆತ್ತಗೆ ಬೇಯ್ಸಿದ ಅನ್ನ ಎರಡು ಪಾಲು, ಚರ್ಮ ತೆಗೆದ ಕೋಳಿ ಎದೆಭಾಗ ನೀರಲ್ಲಿ ಬೇಯ್ಸಿ ಬಿಡಿಸಿದ್ದು ಒಂದು ಪಾಲು, ಉಪ್ಪಿಲ್ಲ, ಅರಿಶಿಣ ಇಲ್ಲ, ಎಣ್ಣೆ ಇಲ್ಲ, ದಿನಕ್ಕೆ ಐದು ಸಲ ಒಂದೊಂದು ಹಿಡಿ. ಕೋಳಿ ಬೇಯ್ಸಿದ ನೀರನ್ನ ಫ್ರಿಜ್ಜಲ್ಲಿಟ್ಟು ಮೇಲೆ ಕಟ್ಟಿದ ಜಿಡ್ಡು ತೆಗೆದು ಎರಡು ಚಮಚ ಬೆರೆಸಿದ್ರೆ ವಾಸನೆಗೆ ತಿಂತಾನೆ. ಇದನ್ನ ನಾನೇ ಕಂಡ್ಕೊಂಡಿದ್ದು ಅಂತ ಒಂಚೂರು ಜಂಬ ಇದೆ ನಂಗೆ.

ಮೂರನೇ ದಿನ ಸಿಹಿಗುಂಬಳ. ಸಿಪ್ಪೆ ಬೀಜ ತೆಗೆದು ಬೇಯ್ಸಿ ಕಿವುಚಿ ಊಟಕ್ಕೆ ಒಂದೊಂದು ಚಮಚ. ಅದ್ರಲ್ಲಿರೋ ನಾರು ನೀರನ್ನ ಹಿಡ್ಕೊಳುತ್ತೆ, ಹಂಗಾಗಿ ಸಡಿಲ ಇದ್ರೂ ಸರಿ, ಮಲಬದ್ಧತೆ ಇದ್ರೂ ಸರಿ ಎರಡಕ್ಕೂ ಆಗುತ್ತೆ. ನಾನ್ ನೋಡಿದ್ ಮನೆಮದ್ದಲ್ಲಿ ನಿಜವಾಗ್ಲೂ ಕೆಲಸ ಮಾಡಿದ್ದು ಇದೊಂದೇ ಕಣ್ರೀ. ಮೊಸರು ಮೊಸರು ಅಂತ ಎಲ್ಲಾರೂ ಕುಣೀತಾರಲ್ಲ, ಕೆಂಚನಿಗೆ ಮೊಸರು ಹಾಕಿದ್ ರಾತ್ರಿ ಹೊಟ್ಟೆ ಗುಡುಗುಡು ಅನ್ನೋದು ಪಕ್ಕದ ರೂಮಿಗೂ ಕೇಳಿಸ್ತು. ಬೆಳೆದ ನಾಯಿಗಳಿಗೆ ಹಾಲಿನ ಸಕ್ಕರೆ ಅರಗಿಸೋ ಶಕ್ತಿ ಕಮ್ಮಿ, ಮೊಸರಲ್ಲಿ ಅದು ಹಾಲಿಗಿಂತ ಕಮ್ಮಿ ಇರುತ್ತೆ ಆದ್ರೂ ಕೆಲವಕ್ಕೆ ಆಗಲ್ಲ. ಇವನು ಆ ಕೆಲವರ ಪೈಕಿ.

ಅತ್ತೆಗೆ ಇದೆಲ್ಲ ಸಾಲಲಿಲ್ಲ. ನಾಲ್ಕನೇ ದಿನ ನಾನು ಸ್ನಾನ ಮಾಡಿ ಬರೋ ಹೊತ್ಗೆ ಹಿತ್ತಲಲ್ಲಿ ಸಾಣೆಕಲ್ಲು ಇಟ್ಕೊಂಡು ಜಾಯಿಕಾಯಿ ತೇಯ್ತಾ ಕೂತವ್ರೆ, ಪಕ್ಕದಲ್ಲಿ ಬಜೆ ಬೇರು, ಅವನು ಎದುರಿಗೆ ಕೂತು ಜೊಲ್ಲು ಸುರಿಸ್ತಾ ಇದಾನೆ. ‘ಎಂಟು ಮೊಮ್ಮಕ್ಳಿಗೆ ಇದ್ನೇ ನೆಕ್ಕಿಸಿ ಬೆಳೆಸಿದೀನಿ ಕಣವ್ವ, ಇವ್ನೇನ್ ಬೇರೇನಾ’ ಅಂದ್ರು. ಆ ಮಾತಿಗೆ ನಾನೇನ್ ಹೇಳ್ಲಿ? ಬೇರೆ ಅಲ್ಲ ಅಂತ ಅವರು ಹೇಳಿದ್ದು ಕೇಳಿ ಗಂಟಲು ಕಟ್ತು, ಆದ್ರೆ ಹೊಟ್ಟೆ ಬೇರೇನೇ ಅಲ್ವಾ. ಡಾಕ್ಟ್ರಿಗೆ ಫೋನ್ ಮಾಡಿ ಸ್ಪೀಕರ್ ಹಾಕ್ದೆ. ಜಾಯಿಕಾಯಿ ನಾಯಿಗಳಿಗೆ ಬೇಡ್ವೇ ಬೇಡ ಅಮ್ಮ, ಜಾಸ್ತಿ ಆದ್ರೆ ಮೈ ನಡುಗುತ್ತೆ, ಎದೆ ಬಡಿತ ಏರುತ್ತೆ, ಹುಳಕ್ಕೆ ಅಂತ ಬೆಳ್ಳುಳ್ಳಿ ಜಜ್ಜಿ ಹಾಕೋದೂ ಬೇಡ, ಹುಳದ ಮಾತ್ರೆ ನಾನೇ ಕೊಡ್ತೀನಿ ಅಂದ್ರು. ಅತ್ತೆ ಸಾಣೆಕಲ್ಲು ತೊಳೆದಿಟ್ಟು ಒಂದಿನ ನನ್ನ ಜೊತೆ ಮಾತಾಡ್ಲಿಲ್ಲ, ಬೆಳ್ಳುಳ್ಳಿ ವಿಷ್ಯ ನಾನೇ ಮೊದ್ಲೇ ಚಾಡಿ ಹೇಳಿದೀನಿ ಅಂತ ಅವರ ಅನುಮಾನ, ಅದು ನಿಜಾನೇ.

ಅನ್ನ ಕೋಳಿಲೇ ಹೊಟ್ಟೆ ನಿಂತ್ರೆ ಅದನ್ನೇ ಮುಂದುವರೆಸೋಣ ಅಂತ ನಾವು ಅಂದ್ಕೊಂಡಿದ್ವಿ. ಡಾಕ್ಟ್ರು ಬೇಡ ಅಂದ್ರು, ಅದ್ರಲ್ಲಿ ಕ್ಯಾಲ್ಸಿಯಂ ಇನ್ನೊಂದು ಮತ್ತೊಂದು ಸಾಲಲ್ಲ, ಜಿಡ್ಡು ಕಮ್ಮಿ ಇರೋ ಡಾಗ್ ಫುಡ್ಡಿಗೆ ನಿಧಾನಕ್ಕೆ ತನ್ನಿ ಅಂದ್ರು. ಹತ್ತು ದಿನದ ಲೆಕ್ಕ, ಮೊದ್ಲು ಮುಕ್ಕಾಲು ಪಾಲು ಪಥ್ಯದ್ದು ಕಾಲು ಪಾಲು ಹೊಸದು, ಆಮೇಲೆ ಅರ್ಧ ಅರ್ಧ, ಹಿಂಗೆ. ಮಧ್ಯದಲ್ಲಿ ನಮ್ಮನೆಯವ್ರು ಮಂಡ್ಯದ ನಾಯಿ ರಾಗಿ ಇಲ್ದೆ ಹೆಂಗೆ ಅಂತ ಎರಡು ದಿನ ತೆಳ್ಳಗೆ ರಾಗಿ ಗಂಜಿ ಹಾಕಿದ್ರು, ನಂಗೆ ಹೇಳಿರಲಿಲ್ಲ. ಬೆಳಿಗ್ಗೆ ವಾಕಿಂಗಲ್ಲಿ ನೋಡಿದ್ರೆ ಕಪ್ಪು ಕಪ್ಪು. ಕಪ್ಪಗಾದ್ರೆ ಒಳಗೆ ರಕ್ತ ಹೋಗ್ತಿರಬಹುದು ಅಂತ ಓದಿದ್ದೆ, ಕೈಕಾಲು ತಣ್ಣಗಾಗೋಯ್ತು, ರಸ್ತೇಲೇ ನಿಂತು ಫೋಟೋ ತೆಗೆದು ಡಾಕ್ಟ್ರಿಗೆ ಕಳಿಸ್ದೆ. ಎರಡೇ ಪದದ ಉತ್ತರ ಬಂತು, ‘ರಾಗಿ ಹಾಕಿದ್ರಾ?’

ಇಷ್ಟಾದ್ರೂ ಪೂರ್ತಿ ಸರಿ ಹೋಗ್ಲಿಲ್ಲ. ವಾರ ಪೂರ್ತಿ ಚೆನ್ನಾಗಿರ್ತಾನೆ, ಇದ್ದಕ್ಕಿದ್ದಂಗೆ ಒಂದಿನ ಮತ್ತೆ ನೀರು. ಡಾಕ್ಟ್ರು ಮಲ ಟೆಸ್ಟ್ ಮಾಡ್ಸಿದ್ರು, ಹುಳ ಇಲ್ಲ, ಗಿಯಾರ್ಡಿಯಾ ಅನ್ನೋ ಕಣ್ಣಿಗೆ ಕಾಣದ ಕರುಳಿನ ಪರಾವಲಂಬೀನೂ ಇಲ್ಲ. ಬರೆದಿಡಿ ಅಂದ್ರು. ಅಡುಗೆಮನೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಪಕ್ಕ ಶುರು ಮಾಡಿದ್ವಿ, ಗಟ್ಟಿ ಇದ್ರೆ ‘ಗ’, ಅಂಬಲಿ ತರ ಇದ್ರೆ ‘ಅಂ’, ನೀರಾದ್ರೆ ‘ನೀ’. ಹಾಲಿನವನು ದುಡ್ಡಿಗೆ ಬಂದಾಗ ‘ನೀ’ ಅಂದ್ರೆ ನೀರು ಹಾಲು ಅಂತ ಬರ್ದಿದೀರಾ ಅಂತ ಮುಖ ಊದಿಸ್ಕೊಂಡ, ಅವನಿಗೆ ಸಮಾಧಾನ ಮಾಡೋದೇ ಒಂದು ಕೆಲಸ ಆಯ್ತು.

ಆರು ವಾರ ಆದ್ಮೇಲೆ ನೋಡಿದ್ರೆ ‘ನೀ’ ಎಲ್ಲಾ ಭಾನುವಾರದ ಕೆಂಪು ಅಕ್ಷರದ ಸಾಲಲ್ಲೇ ಇವೆ. ಭಾನುವಾರ ನಾವು ಕೋಳಿ ತರ್ತೀವಿ, ಅದೇ ಅಂದ್ಕೊಂಡು ಎರಡು ವಾರ ಮನೇಲಿ ಯಾರೂ ಕೋಳಿ ತಿನ್ನಲಿಲ್ಲ, ಆದ್ರೂ ‘ನೀ’. ಆಮೇಲೆ ಹೊಳೀತು, ಭಾನುವಾರ ಬೆಳಿಗ್ಗೆ ಕೆಡ್ಬೇಕು ಅಂದ್ರೆ ತಿಂದಿದ್ದು ಶನಿವಾರ ಇರ್ಬೇಕಲ್ವಾ. ಮುಂದಿನ ಶನಿವಾರ ವರಾಂಡದಲ್ಲಿ ಪೇಪರ್ ಹಿಡ್ಕೊಂಡು ಕೂತೆ. ಹತ್ತು ಗಂಟೆ ಆಗ್ತಿದ್ದಂಗೆ ಕೆಂಚ ಎದ್ದು ಹೋಗಿ ಗೇಟ್ ಹತ್ರ ಕೂತ. ಹತ್ತೂ ಹತ್ತಕ್ಕೆ ಅತ್ತೆ ಆಂಜನೇಯನ ಗುಡಿಯಿಂದ ಬಂದ್ರು, ಸೆರಗಿನ ಗಂಟು ಬಿಚ್ಚಿದ್ರು, ಹನುಮಂತನ ಹಾರದ್ದು, ಮೆಣಸು ಹಾಕಿ ಎಣ್ಣೇಲಿ ಕರಿದ ವಡೆ, ಒಂದಲ್ಲ ಎರಡು.

ನನ್ನ ನೋಡಿ ಅತ್ತೆ, ‘ಪ್ರಸಾದ ಅಲ್ವೇನವ್ವ’ ಅಂದ್ರು, ದನಿ ಸಣ್ಣ ಆಗಿತ್ತು. ನಾನು ಏನೂ ಅನ್ನಲಿಲ್ಲ, ಒಳಗೆ ಹೋಗಿ ಕ್ಯಾಲೆಂಡರ್ ಮೊಳೆಯಿಂದ ತೆಗ್ದು ತಂದು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕ್ಕೊಂಡು ಬೆರಳಿಟ್ಟು ಎಲ್ಲಾ ಭಾನುವಾರಾನೂ ನೋಡಿದ್ರು. ಕೆಂಚ ಅಷ್ಟ್ರಲ್ಲಿ ವಡೆ ಮುಗ್ಸಿ ಅವರ ಸೆರಗು ಮೂಸ್ತಿದ್ದ.

ಅದರ ಮುಂದಿನ ಶನಿವಾರ ಗುಡಿಗೆ ಹೊರಡೋವಾಗ ಅತ್ತೆ ಕೈಲಿ ಹೂವಿನ ಜೊತೆ ಒಂದು ಸಣ್ಣ ಸ್ಟೀಲ್ ಡಬ್ಬಿ ಇತ್ತು. ವಾಪಸ್ ಬಂದು ಗೇಟ್ ಹತ್ರ ಕೂತು ಮುಚ್ಚಳ ತೆಗೆದ್ರೆ ಬೇಯ್ಸಿದ ಸಿಹಿಗುಂಬಳದ ಹೋಳು, ಮೇಲೊಂದು ತುಳಸಿ ಎಸಳು. ದೇವರ ಮುಂದೆ ಇಡಿಸ್ಕೊಂಡು ಬಂದಿದ್ರು. ಅರ್ಚಕರು ಏನೂ ಕೇಳ್ಲಿಲ್ವಾ ಅತ್ತೆ ಅಂದೆ. ಕೇಳಿದ್ರು, ‘ಮನೇಲಿ ಒಬ್ಬ ಪಥ್ಯದಲ್ಲವ್ನೆ ಅಂದೆ’ ಅಂದ್ರು.