ಮಗ್ಗದ ಕುಣಿಯಿಂದ

31 ಹಾಳೆಗಳಲ್ಲಿ 26ರಲ್ಲಿ ತೆಂಗಿನ ಮರವಿತ್ತು. ಅದೂ ಗುಳೇದಗುಡ್ಡದಲ್ಲಿ!

‘ನಿಮ್ಮ ನಿಮ್ಮ ಚಿತ್ರ ಬರೆಯಿರಿ’ ಎಂದಷ್ಟೇ ಐದನೇ ತರಗತಿಯ ಮಕ್ಕಳಿಗೆ ಹೇಳಿದ್ದೆ. ಬಂದದ್ದು ಎರಡು ಚೂಪು ಗುಡ್ಡ, ನಡುವೆ ಇಣುಕುವ ಸೂರ್ಯ, ಗುಡ್ಡದ ಸಂದಿಯಿಂದ ಇಳಿಯುವ ಹೊಳೆ, ದಂಡೆಗೊಂದು ಇಳಿಜಾರು ಹೆಂಚಿನ ಮನೆ, ಮನೆಗೆ ಒರಗಿದ ತೆಂಗಿನ ಮರ. ಮೂಲೆಯಲ್ಲಿ ಕಡ್ಡಿಯಂಥ ಕೈಕಾಲಿನ ಒಬ್ಬ ಮನುಷ್ಯ, ಅವನ ತಲೆಯ ಮೇಲೆ ‘ನಾನು’. ಯಾರದೋ ಊರಿಗೆ ಪ್ರವಾಸ ಹೋಗಿ ನಿಂತು ಫೋಟೊ ತೆಗೆಸಿಕೊಂಡ ಹಾಗೆ.

ಶಾಲೆಯ ಬಾಗಿಲಲ್ಲಿ ನಿಂತರೆ ಕಾಣುವ ಗುಡ್ಡಗಳು ಹೀಗಿಲ್ಲ. ಬಾದಾಮಿಯ ಕಡೆಯಿಂದ ಹಬ್ಬಿಕೊಂಡು ಬಂದ ಕೆಂಪು ಮರಳುಗಲ್ಲಿನ ಸಾಲು ಅದು. ತಲೆ ಚಪ್ಪಟೆ, ಯಾರೋ ಕೊಡಲಿಯಿಂದ ಸವರಿಬಿಟ್ಟಂತೆ. ಹಳೆಯ ಮನೆಗಳದ್ದು ಮಣ್ಣಿನ ಮಾಳಿಗೆ, ಅದೂ ಚಪ್ಪಟೆ. ಹೊಳೆ ನೋಡಬೇಕೆಂದರೆ ಮಲಪ್ರಭೆಯ ತನಕ ಹೋಗಬೇಕು. ಹಾಗಾದರೆ ಈ ಗುಡ್ಡ, ಈ ಹೊಳೆ ಎಲ್ಲಿಂದ ಬಂದವು? ಹುಡುಕುತ್ತ ಹೋದರೆ ಆರೋಪಿ ನಾನೇ. ಇಲ್ಲಿಗೆ ಬಂದ ಮೊದಲ ವರ್ಷ ಕಪ್ಪು ಹಲಗೆಯ ಮೇಲೆ ಅದನ್ನು ಬರೆದು, ‘ನೋಡಿಕೊಂಡು ಬರೆಯಿರಿ’ ಎಂದು ಕುರ್ಚಿಯಲ್ಲಿ ಕುಳಿತಿದ್ದೆ. ನನಗೂ ವಿಜಯಪುರದ ಶಾಲೆಯಲ್ಲಿ ಹಾಗೆಯೇ ಬಂದಿತ್ತು. ಎತ್ತ ನೋಡಿದರೂ ಬಯಲೇ ಇರುವ ಊರಿನಲ್ಲಿ ನಾನು ಐದು ವರ್ಷ ಗುಡ್ಡ ಬರೆದು ‘ಉತ್ತಮ’ ಎನಿಸಿಕೊಂಡವಳು.

ನಾನು ಚಿತ್ರಕಲಾ ಶಿಕ್ಷಕಿಯಲ್ಲ. ಗಣಿತ ಮತ್ತು ಪರಿಸರ ನನ್ನ ಪಾಲಿನವು. ಕಲೆ ಬಂದದ್ದು ವೇಳಾಪಟ್ಟಿಯಲ್ಲಿ ಖಾಲಿ ಉಳಿದ ಅವಧಿಯಾಗಿ. ಹತ್ತನೇ ತರಗತಿಯವರೆಗೆ ಕಲೆಯೂ ಕಡ್ಡಾಯ ವಿಷಯವಾಗಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದನ್ನು ತರಬೇತಿಯಲ್ಲಿ ಓದಿ ಪರೀಕ್ಷೆ ಬರೆದಿದ್ದೇನೆ, ಅಂಕವೂ ಬಂದಿದೆ. ಶನಿವಾರ ಬೆಳಗಿನ ಆ ಅವಧಿಯಲ್ಲಿ ಹೆಚ್ಚಾಗಿ ನಡೆದದ್ದು ಮಗ್ಗಿ.

ಈ ಹಾಳೆಗಳನ್ನು ನೋಡಿ ಮನಸ್ಸು ಕೆಡಲು ಇನ್ನೊಂದು ಕಾರಣವಿತ್ತು. ಅದೇ ವಾರ ಮಣ್ಣೆತ್ತಿನ ಅಮಾವಾಸ್ಯೆ ಮುಗಿದಿತ್ತು. ಇದೇ ಮಕ್ಕಳು ಮಾಡಿದ ಎತ್ತುಗಳನ್ನು ನಾನು ಓಣಿಯಲ್ಲಿ ನೋಡಿದ್ದೆ. ಒಂದರ ಇಣಿ ಒಂದು ಕಡೆ ವಾಲಿತ್ತು, ಇನ್ನೊಂದರ ಕಣ್ಣಿಗೆ ಜೋಳದ ಕಾಳು, ಮತ್ತೊಂದಕ್ಕೆ ಊರಲ್ಲಿ ನೇಯುವ ಕುಪ್ಪಸದ ಬಟ್ಟೆ ಖಣದ ಚೂರಿನ ಜೂಲು. ಹತ್ತು ಜೋಡಿ ಬೆರೆಸಿಟ್ಟರೂ ತಮ್ಮದನ್ನು ಕಣ್ಣು ಮುಚ್ಚಿ ಎತ್ತಿಕೊಳ್ಳುತ್ತಿದ್ದರು. ಮಣ್ಣು ಹಿಡಿದಾಗ ಇರುವ ಈ ಮಕ್ಕಳು ಪೆನ್ಸಿಲ್ ಹಿಡಿದಾಗ ಎಲ್ಲಿ ಹೋಗುತ್ತಾರೆ? ಮಣ್ಣೆತ್ತಿಗೆ ಶ್ರೇಣಿ ಹಾಕುವವರು ಯಾರೂ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಮುಂದಿನ ಶನಿವಾರ ಹೊಸ ಹಾಳೆ ಹಂಚಿ ಕಾನೂನು ಮಾಡಿದೆ: ಗುಡ್ಡ, ಸೂರ್ಯ, ತೆಂಗಿನ ಮರ ಮೂರೂ ಬಂದ್. ನಿಮ್ಮನ್ನು ನೀವು ಬರೆಯಬೇಕು.

‘ಹಾಗಾದರೆ ಏನು ಬರೆಯುವುದು ಟೀಚರ್?’ ಎಂದ ಒಬ್ಬ. ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು.

ಹತ್ತು ನಿಮಿಷ ಯಾರೂ ಗೆರೆ ಎಳೆಯಲಿಲ್ಲ. ಆಮೇಲೆ ಗದ್ದಲ ಎದ್ದದ್ದು ‘ಸ್ಕಿನ್ ಕಲರ್’ ಕಡ್ಡಿಗೆ. ಬಣ್ಣದ ಡಬ್ಬಿಯಲ್ಲಿರುವ ಆ ತಿಳಿ ಗುಲಾಬಿ ಕಡ್ಡಿಗೆ ಮಕ್ಕಳು ಇಟ್ಟ ಹೆಸರು ಅದು. ಅಂಥ ಮೈಬಣ್ಣದವರು ನಮ್ಮ ತಾಲ್ಲೂಕಿನಲ್ಲಿ ಹುಡುಕಿದರೂ ಸಿಗಲಾರರು. ಇಡೀ ತರಗತಿಯಲ್ಲಿ ಮೂರೇ ಇದ್ದವು. ಸಿಗದ ಹುಡುಗಿಯೊಬ್ಬಳು ಸುಮ್ಮನೆ ಎದ್ದು ಅಂಗಳಕ್ಕೆ ಹೋಗಿ ಒಂದು ಚಿಟಿಕೆ ಕೆಮ್ಮಣ್ಣು ತಂದಳು. ಉಗುಳಿನಲ್ಲಿ ಕಲಸಿ ಮುಂಗೈಗೆ ಹಚ್ಚಿ ನೋಡಿದಳು. ಸಾಲಲಿಲ್ಲ. ಬಿಸಿಯೂಟದ ಒಲೆಯ ಮಸಿ ಸೇರಿಸಿದಳು.

‘ನೀನು ಇಷ್ಟು ಕಪ್ಪಿಲ್ಲ ಬಿಡು’ ಎಂದಳು ಪಕ್ಕದವಳು, ಸಮಾಧಾನ ಮಾಡುವವಳಂತೆ.

‘ಇದ್ದೇನೆ. ಬೇಸಿಗೆಯಲ್ಲಿ ಇನ್ನೂ ಕಪ್ಪು.’

ಅಷ್ಟು ನೆಮ್ಮದಿಯಿಂದ ಆ ಮಾತನ್ನು ನಾನು ನನ್ನ ಬಗ್ಗೆ ಎಂದೂ ಹೇಳಿಕೊಂಡಿಲ್ಲ. ಮದುವೆಗೆ ಮುಂಚೆ ನನ್ನ ಮುಖಕ್ಕೆ ಎಷ್ಟು ಕಡಲೆಹಿಟ್ಟು ಬಿದ್ದಿದೆ ಎಂಬುದನ್ನು ಅವ್ವನೇ ಹೇಳಬೇಕು.

ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿಬರುವ ಮನೆಯ ಹುಡುಗಿ ತನ್ನನ್ನು ಎರಡು ಸಲ ಬರೆದಿದ್ದಳು: ಒಬ್ಬಳು ತಗಡಿನ ಶೆಡ್ಡಿನ ಮುಂದೆ, ಇನ್ನೊಬ್ಬಳು ಅಜ್ಜಿಯ ಮನೆಯ ಮುಂದೆ. ಇಬ್ಬರಿಗೂ ಒಂದೇ ಲಂಗ. ಯಾವುದು ನೀನು ಎಂದರೆ, ‘ಇವಳು ಬೇಸಿಗೆಯವಳು, ಇವಳು ಶಾಲೆಯವಳು’ ಎಂದಳು.

ಇನ್ನೊಬ್ಬ ಮುಖವನ್ನೇ ಬರೆದಿರಲಿಲ್ಲ. ಹಾಳೆಯ ತುಂಬ ಅವನ ಹೆಸರು. ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಬರೆಸುತ್ತಾರಲ್ಲ, ಹಾಗೆ ದಪ್ಪ ಅಕ್ಷರ, ಅಕ್ಷರಕ್ಕೆ ನೆರಳು, ಎರಡೂ ಬದಿಗೆ ಗುಲಾಬಿ ಹೂವು. ಬೈಯಲು ಬಾಯಿ ತೆರೆದವಳಿಗೆ ಹಿಂದಿನ ಡಿಸೆಂಬರಿನ ಪಟ್ಟದಕಲ್ಲಿನ ಪ್ರವಾಸ ನೆನಪಾಯಿತು. ವಿರೂಪಾಕ್ಷ ದೇವಾಲಯವನ್ನು ಎಂಟನೇ ಶತಮಾನದಲ್ಲಿ ಲೋಕಮಹಾದೇವಿ ಕಟ್ಟಿಸಿದ್ದು, ಅವಳ ಗಂಡ, ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರೂ ಅಲ್ಲಿಯ ಶಾಸನದಲ್ಲಿದೆ. ಅದನ್ನು ಹೇಳಿದಾಗ ಈ ಹುಡುಗನೇ ಕೇಳಿದ್ದ: ‘ನಮ್ಮಪ್ಪ ನೇಯ್ದ ಖಣದಲ್ಲಿ ನಮ್ಮಪ್ಪನ ಹೆಸರು ಎಲ್ಲಿರುತ್ತದೆ ಟೀಚರ್?’ ತೇರು, ಆನೆ ಹೆಜ್ಜೆ, ಸೂಜಿ ಮಲ್ಲಿಗೆ ಎಂದು ಖಣದ ಒಂದೊಂದು ಚಿತ್ತಾರಕ್ಕೂ ಹೆಸರಿದೆ, ನೇಯ್ದವನಿಗೆ ಮಾತ್ರ ಇಲ್ಲ. ಅಂದು ಬಸ್ಸು ಹೊರಡುವ ಹೊತ್ತಾಯಿತೆಂದು ತಪ್ಪಿಸಿಕೊಂಡಿದ್ದೆ. ಈಗ ಹಾಳೆಗೆ ಸುಮ್ಮನೆ ‘ಎ’ ಹಾಕಿದೆ.

ಇಷ್ಟೆಲ್ಲ ಉದಾರಿಯಾದವಳು ಒಂದು ಹಾಳೆಯ ಮುಂದೆ ತಾಳ್ಮೆ ಕಳೆದುಕೊಂಡೆ. ಕಿಟಕಿಯ ಪಕ್ಕದ ಹುಡುಗ, ಮಾತು ಕಡಿಮೆ. ಹಾಳೆಯ ಮಧ್ಯದಲ್ಲಿ ಎರಡು ದೊಡ್ಡ ಅಂಗಾಲು, ಅಂಗಾಲಿನ ಬಿರುಕೂ ಬಿಡದಂತೆ ಬರೆದಿದ್ದ. ಮೊಣಕಾಲಿನಿಂದ ಮೇಲೆ ಏನೂ ಇಲ್ಲ. ಉಳಿದ ಜಾಗಕ್ಕೆಲ್ಲ ಪಟ್ಟಿ ಇಟ್ಟು ಒತ್ತೊತ್ತಾಗಿ ಗೆರೆ ಎಳೆದಿದ್ದ, ಬರೆದದ್ದು ಬೇಡವಾಗಿ ಹೊಡೆದುಹಾಕಿದ ಹಾಗೆ. ಅವಧಿ ಮುಗಿಯುತ್ತ ಬಂದಿತ್ತು. ಕೆಂಪು ಪೆನ್ನಿನಲ್ಲಿ ‘ಇದರಲ್ಲಿ ನೀನು ಎಲ್ಲಿ?’ ಎಂದು ಬರೆದು, ಬೇರೆ ಬರೆದುಕೊಂಡು ಬಾ ಎಂದು ಕೈಗೆ ಕೊಟ್ಟೆ. ಅವನು ಏನೂ ಹೇಳದೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

ಸೋಮವಾರ ಅವನು ಬರಲಿಲ್ಲ, ಮಂಗಳವಾರವೂ ಇಲ್ಲ. ಸಂಜೆ ಮನೆಗೆ ಹೋದೆ. ಜ್ವರವಂತೆ, ಇಳಿದಿತ್ತು. ಅವನ ಅಜ್ಜಿ ಪಡಸಾಲೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದವರು ಎದ್ದು, ‘ಬನ್ನಿ ಅಕ್ಕೋರೇ’ ಎಂದು ಚಾಪೆ ಹಾಸಿದರು. ನೂಲು ಬಂದಿಲ್ಲವೆಂದು ಮಗ್ಗ ನಿಂತಿತ್ತು, ಅವನ ಅಪ್ಪ ಪೇಟೆಗೆ ಹೋಗಿದ್ದರು. ಹುಡುಗ ಎಲ್ಲಿ ಎಂದರೆ ಅಜ್ಜಿ ಮಗ್ಗದತ್ತ ಕೈ ಮಾಡಿದರು.

ಅವರದು ಕುಣಿ ಮಗ್ಗ. ನೇಯುವವರು ನೆಲಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಆ ಕುಣಿಯೊಳಗೆ ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿಕೊಂಡು ಅವನು ಕುಳಿತಿದ್ದ.

‘ತೊಟ್ಟಿಲು ಬಿಟ್ಟ ಮೇಲೆ ಅಲ್ಲೇ ಬೆಳೆದವನು’ ಎಂದರು ಅಜ್ಜಿ. ಸೊಸೆ ಕಂಡಿಕೆ ಸುತ್ತಬೇಕು, ಮಗ ನೇಯಬೇಕು, ಕೂಸು ಹರಿದಾಡಿ ನೂಲು ಕಡಿಯಬಾರದು. ಅದಕ್ಕೆ ಕುಣಿಯ ಮೂಲೆಯಲ್ಲಿ ಗೋಣಿತಾಟು ಹಾಸಿ ಅಪ್ಪನ ಕಾಲ ಬಳಿ ಕೂರಿಸುತ್ತಿದ್ದರಂತೆ. ಮಗ್ಗದ ಸದ್ದಿಗೆ ಅಲ್ಲೇ ನಿದ್ದೆ ಹೋಗುತ್ತಿತ್ತಂತೆ. ‘ಈಗಲೂ ಮೈಗೆ ಆರಾಮಿಲ್ಲ ಎಂದರೆ ಅಲ್ಲಿಗೇ ಇಳಿಯುತ್ತಾನೆ. ತಂಪಿರುತ್ತದೆ ನೋಡಿ.’

ಸೀರೆಯ ನೆರಿಗೆ ಒತ್ತಿ ಹಿಡಿದು ನಾನೂ ಕುಣಿಯ ಅಂಚಿಗೆ ಕುಳಿತು ಕಾಲು ಇಳಿಬಿಟ್ಟೆ. ಹುಡುಗ ಸರಿದು ಜಾಗ ಕೊಟ್ಟ. ತಲೆ ಬಗ್ಗಿಸಿ, ಮಗ್ಗದ ಉದ್ದಕ್ಕೂ ಬಿಗಿದ ಎಳೆಗಳ ಹಾಸಿನ ಕೆಳಗೆ ಮುಖ ತಂದು ಮೇಲಕ್ಕೆ ನೋಡಿದೆ. ಬೆಳಕಿಂಡಿಯಿಂದ ಬಿದ್ದ ಸಂಜೆಯ ಬಿಸಿಲು ನೂರಾರು ಎಳೆಗಳ ನಡುವಿನಿಂದ ಸೋಸಿ ಇಳಿಯುತ್ತಿತ್ತು. ಒತ್ತೊತ್ತಾಗಿ, ನೆಟ್ಟಗೆ, ಪಟ್ಟಿ ಇಟ್ಟು ಎಳೆದ ಗೆರೆಗಳಂತೆ.

‘ಆ ಹಾಳೆ ಇದೆಯಾ?’ ಎಂದೆ.

ಅಜ್ಜಿ ಗೂಡಿನಿಂದ ತೆಗೆದುಕೊಟ್ಟರು. ಅದರ ಬೆನ್ನಿಗೆ ಆ ವಾರ ಕೊಟ್ಟ ಖಣಗಳ ಲೆಕ್ಕವನ್ನು ಅವನ ಅಪ್ಪ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು. ಮುಂದಿನ ಬದಿಯಲ್ಲಿ ಅಂಗಾಲುಗಳೂ ಗೆರೆಗಳೂ ಹಾಗೆಯೇ ಇದ್ದವು, ನಾಲ್ಕು ಮಡಿಕೆಯ ಗುರುತಿನೊಂದಿಗೆ. ನನ್ನ ಕೆಂಪು ಪ್ರಶ್ನೆಯೂ ಇತ್ತು. ಅದನ್ನು ಹೊಡೆದುಹಾಕೋಣವೆಂದು ಪರ್ಸಿನಿಂದ ಪೆನ್ನು ತೆಗೆದೆ. ಅಷ್ಟರಲ್ಲಿ ಅವನು ಕೈ ಚಾಚಿದ. ಪೆನ್ನು ಕೊಟ್ಟೆ.

ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ‘ಇದರಲ್ಲಿ ನೀನು ಎಲ್ಲಿ?’ ಎಂಬುದರ ಎದುರು ದುಂಡಗೆ ‘ಕೆಳಗೆ’ ಎಂದು ಬರೆದ. ಪೆನ್ನಿನ ಮುಚ್ಚಳ ಹಾಕಿ ವಾಪಸು ಕೊಟ್ಟ.