ಕಣ್ಣು ಮೂಡುವ ಮೊದಲಿನ ದಿನಗಳು

14 ಜನವರಿ 2024, ಭಾನುವಾರ
ಬರ್ಗೆನ್ ಸಮೀಪ, ನಾರ್ವೆ

ನವೆಂಬರ್ 27ರಂದು ಫಲಿತಗೊಳಿಸಿದ ಸಾಲ್ಮನ್ ಮೊಟ್ಟೆಗಳಲ್ಲಿ ಇಂದು ಬೆಳಿಗ್ಗೆ ಕಣ್ಣು ಮೂಡಿದೆ. ಹ್ಯಾಚರಿಯ ಕೋಣೆಯನ್ನು ಕತ್ತಲಾಗಿಯೇ ಇಡುವುದರಿಂದ ಮಂದ ದೀಪವನ್ನು ಹಿಡಿದು ತಟ್ಟೆಯ ಮೇಲೆ ಬಾಗಿ ನೋಡಬೇಕಾಯಿತು. ಬಟಾಣಿ ಕಾಳಿನಷ್ಟಿರುವ ಕಿತ್ತಳೆ ಬಣ್ಣದ ಮೊಟ್ಟೆಗಳೊಳಗೆ ಕಪ್ಪು ಚುಕ್ಕೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

ಈ 48 ದಿನವೂ ನೀರನ್ನು 5 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಇರಿಸಿದ್ದೆವು. ದಿನಗಳ ಸಂಖ್ಯೆಯನ್ನು ಉಷ್ಣತೆಯಿಂದ ಗುಣಿಸಿ 'ಡಿಗ್ರಿ-ದಿನ' ಎಂದು ಲೆಕ್ಕ ಹಾಕುವುದು ಇಲ್ಲಿಯ ಕ್ರಮ. ಆ ಲೆಕ್ಕದಲ್ಲಿ ಇಂದಿಗೆ 240 ಆಯಿತು, ಮೊಟ್ಟೆ ಒಡೆದು ಮರಿ ಹೊರಬರಲು ಸುಮಾರು 500 ಬೇಕು. ನೀರನ್ನು 10 ಡಿಗ್ರಿಗೆ ಕಾಯಿಸಿದ್ದರೆ ಕಣ್ಣು ಮೂಡಲು ಇದರ ಅರ್ಧದಷ್ಟು ದಿನಗಳೇ ಸಾಕಾಗುತ್ತಿದ್ದವು. ಕಳೆದ ಚಳಿಗಾಲದಲ್ಲಿ ಮರಿಗಳು ಬೇಗ ಬೇಕೆಂಬ ಒತ್ತಡಕ್ಕೆ ಮಣಿದು ಹಾಗೆಯೇ ಮಾಡಿದ್ದರು. ಈ ಬಾರಿ ಬೇಡವೆಂದು ನಾನು ಪಟ್ಟುಹಿಡಿದೆ. ಅದಕ್ಕೆ ಕಾರಣವೇನೆಂದು ಇಂದು ಬರೆದಿಡಬೇಕೆನಿಸಿದೆ.

ಸಸ್ತನಿಗಳಲ್ಲಿ ಸ್ನಾಯುತಂತುಗಳ ಸಂಖ್ಯೆ ಹುಟ್ಟುವ ಹೊತ್ತಿಗೆ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಆಮೇಲೆ ಇರುವ ತಂತುಗಳೇ ದಪ್ಪವಾಗುತ್ತವೆ. ಸಾಲ್ಮನ್‌ನಂತಹ ಮೀನುಗಳಲ್ಲಿ ಹೊಸ ತಂತುಗಳು ಹುಟ್ಟುವುದು ಮರಿಯಾದ ಮೇಲೂ ಬಹುಕಾಲ ಮುಂದುವರಿಯುತ್ತದೆ. ಮೀನು ತನ್ನ ಗರಿಷ್ಠ ಉದ್ದದ ಸುಮಾರು ಶೇ. 40ರಷ್ಟನ್ನು ತಲುಪಿದ ಮೇಲೆ ಆ ಬಾಗಿಲು ಮುಚ್ಚುತ್ತದೆ, ಅಲ್ಲಿಂದ ಮುಂದಿನ ಬೆಳವಣಿಗೆಯೆಲ್ಲ ತಂತುಗಳು ಹಿಗ್ಗುವುದರಿಂದಲೇ ಆಗುತ್ತದೆ. ಹಾಗಾದರೆ ಮೊಟ್ಟೆಯಲ್ಲಿ ಕಳೆದ ಕೆಲವು ವಾರಗಳ ಚಳಿಯಾಗಲಿ ಬಿಸಿಯಾಗಲಿ ಅಷ್ಟು ದೊಡ್ಡ ವಿಷಯವಲ್ಲ, ಮುಂದೆ ಸರಿಹೋಗುತ್ತದೆ ಎಂದು ಯಾರಿಗಾದರೂ ಅನಿಸಬಹುದು; ವಿದ್ಯಾರ್ಥಿಯಾಗಿದ್ದಾಗ ನನಗೂ ಹಾಗೆಯೇ ಅನಿಸಿತ್ತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಡೇನಿಯಲ್ ಮ್ಯಾಕ್ವೀನ್, ಇಯಾನ್ ಜಾನ್‌ಸ್ಟನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗವು ಆ ಎಣಿಕೆಯನ್ನು ಬುಡಮೇಲು ಮಾಡಿತು. ಅವರು ಅಟ್ಲಾಂಟಿಕ್ ಸಾಲ್ಮನ್ ಮೊಟ್ಟೆಗಳನ್ನು ಕಣ್ಣು ಮೂಡುವವರೆಗೆ ಮಾತ್ರ 2, 5, 8 ಮತ್ತು 10 ಡಿಗ್ರಿಗಳಲ್ಲಿ ಬೇರೆಬೇರೆಯಾಗಿ ಇರಿಸಿ, ಅನಂತರ ಎಲ್ಲವನ್ನೂ ಒಂದೇ ಉಷ್ಣತೆಯಲ್ಲಿ ಬೆಳೆಸಿದರು. ಬೆಳೆದ ಮೀನುಗಳಲ್ಲಿ ತಂತುಗಳನ್ನು ಎಣಿಸಿದಾಗ ಅತಿ ಹೆಚ್ಚು ಸಂಖ್ಯೆ ಕಂಡುಬಂದದ್ದು 5 ಡಿಗ್ರಿಯ ಗುಂಪಿನಲ್ಲಿ. ಅದಕ್ಕಿಂತ ಬಿಸಿಯಾದರೂ, ತಣ್ಣಗಾದರೂ ಸಂಖ್ಯೆ ಇಳಿದಿತ್ತು. ಬೆನ್ನೆಲುಬಿನ ಇಕ್ಕೆಲಗಳಲ್ಲಿ ಮಾಂಸವು ಇನ್ನೂ ಮಾಂಸವೆಂದು ಗುರುತಿಸಲೂ ಆಗದಷ್ಟು ಎಳೆಯದಾಗಿರುವಾಗಿನ ನೀರಿನ ಗುಣವನ್ನು ಮೀನು ವರ್ಷಗಟ್ಟಲೆ ಒಡಲಲ್ಲಿ ಇಟ್ಟುಕೊಂಡಿರುತ್ತದೆ ಎಂಬುದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಸಂಖ್ಯೆಗೇಕೆ ಇಷ್ಟು ಮಹತ್ವ? ಒಂದೇ ತೂಕದ ಎರಡು ಮೀನುಗಳಲ್ಲಿ ತಂತುಗಳು ಹೆಚ್ಚಾಗಿಯೂ ಸಣ್ಣದಾಗಿಯೂ ಇರುವ ಮೀನಿನ ಮಾಂಸ ಗಟ್ಟಿಯಾಗಿರುತ್ತದೆ. ಹೆಚ್ಚು ಒತ್ತಾಗಿರುವ ತಂತುಗಳಿದ್ದಲ್ಲಿ, ಕೊಯ್ದು ಇಟ್ಟ ಹೋಳಿನ ಪದರಗಳು ಬಿಟ್ಟುಕೊಂಡು ಸೀಳುವುದೂ ಕಡಿಮೆ.

ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದುವಾಗ ರೋಹು ಮೊಟ್ಟೆಗಳನ್ನು ಮರಿ ಮಾಡಿಸಿದ್ದು ನೆನಪಾಗುತ್ತದೆ. 28 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಸಂಜೆಯ ಮೊಟ್ಟೆಗಳು ಮರುದಿನ ಮಧ್ಯಾಹ್ನಕ್ಕೆ ಮುಂಚೆಯೇ ಒಡೆದು ಮರಿಗಳಾಗಿರುತ್ತಿದ್ದವು. ಅಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿದುಹೋಗುವ ಘಟ್ಟವು ಇಲ್ಲಿ ತಿಂಗಳುಗಟ್ಟಲೆ ಹರಡಿಕೊಂಡಿರುವುದರಿಂದಲೇ ಉಷ್ಣತೆಯನ್ನು ಆಯ್ದುಕೊಳ್ಳುವ ಅವಕಾಶ ನಮ್ಮ ಕೈಗೆ ಬಂದಿದೆ, ಮತ್ತು ಅದನ್ನು ಅವಸರಕ್ಕೆ ಬಲಿಕೊಡುವುದು ನನಗೆ ಒಪ್ಪಿತವಲ್ಲ.

ಕಣ್ಣು ಮೂಡಿದ ಮೇಲೆ ನೀರನ್ನು ಹೇಗೆ ಬೇಕಾದರೂ ಕಾಯಿಸಬಹುದು ಎಂದೂ ಇದರ ಅರ್ಥವಲ್ಲ. 8 ಡಿಗ್ರಿಗಿಂತ ಮೇಲೆ ಹೋದರೆ ಬೆನ್ನುಮೂಳೆಯ ವಿಕಾರಗಳು ಹೆಚ್ಚುತ್ತವೆ. ಆದ್ದರಿಂದ ಮರಿಯೊಡೆಯುವವರೆಗೆ 7ನ್ನು ಮೀರಬಾರದೆಂದು ಇಂದು ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.

ನಾಳೆ ಮೊಟ್ಟೆಗಳನ್ನು ತುಸು ಎತ್ತರದಿಂದ ನೀರಿಗೆ ಸುರಿದು ಅಲುಗಾಡಿಸುತ್ತೇವೆ. ಜೀವವಿಲ್ಲದವು ಬಿಳಿಚಿಕೊಳ್ಳುತ್ತವೆ, ಅವನ್ನು ಆರಿಸಿ ತೆಗೆಯಬೇಕು. ಕಣ್ಣು ಮೂಡುವ ಮೊದಲು ಹೀಗೆ ಅಲುಗಿಸಿದ್ದರೆ ಬದುಕಿರುವವೂ ಸಾಯುತ್ತಿದ್ದವು. ಏಳು ಗಂಟೆಗೇ ಹೋಗಬೇಕು.